ಕೆಲಸ ಬಿಟ್ಟು ಕಾಡಿಗೆ ಹೊರಟವರ ಪತ್ರಗಳು

ಈ ತಿಂಗಳು ಬಂದ ಪತ್ರಗಳಲ್ಲಿ ಐದು ಒಂದೇ ವಿಷಯ ಹಿಡಿದುಕೊಂಡು ಬಂದಿವೆ. ಇರುವ ಕೆಲಸ ಬೇಜಾರಾಗಿದೆ, ವನ್ಯಜೀವಿಗಳಿಗೆ ಏನಾದರೂ ಮಾಡಬೇಕು, ಹೇಗೆ? ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ. ಮನೆ ಬಾಡಿಗೆ, ಅತ್ತೆ-ಸೊಸೆ, ಆಸ್ತಿ ಪಾಲಿನ ಪ್ರಶ್ನೆ ಕಳಿಸಿದವರು ಒಂದು ತಿಂಗಳು ತಡೆದುಕೊಳ್ಳಿ.

ಪ್ರಶ್ನೆ: ನನಗೆ 34 ವರ್ಷ. ಮೈಸೂರಿನ ಹೆಬ್ಬಾಳದ ಕಡೆ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಸಂಬಳಕ್ಕೆ ತೊಂದರೆ ಇಲ್ಲ. ಆದರೆ ಯಾವುದೋ ದೇಶದ ವಿಮಾ ಕಂಪನಿಯ ಪರದೆಯಲ್ಲಿ ಬಟನ್ ಸರಿಯಾಗಿ ಒತ್ತುತ್ತದಾ ಅಂತ ನೋಡುತ್ತಲೇ ಆಯಸ್ಸು ಮುಗಿಯುತ್ತದೇನೋ ಅನ್ನಿಸಿಬಿಟ್ಟಿದೆ. ಕಬಿನಿ ಸಫಾರಿಗೆ ಹೋದಾಗ ಮಾತ್ರ ಜೀವ ಬಂದಂತಾಗುತ್ತದೆ. ಕರಿಚಿರತೆ ಕೂಡ ಸಿಕ್ಕಿದೆ! ಸಾಲ ಮಾಡಿ ದೊಡ್ಡ ಲೆನ್ಸ್ ತಗೊಂಡಿದ್ದೇನೆ. ರಾಜೀನಾಮೆ ಕೊಟ್ಟು ವನ್ಯಜೀವಿ ವಿಜ್ಞಾನದಲ್ಲಿ ಎಂ.ಎಸ್‌ಸಿ. ಮಾಡುವ ಆಸೆ. ಮನೆ ಸಾಲ ಇದೆ, ಮಗಳು ಎರಡನೇ ಕ್ಲಾಸು. ಹೆಂಡತಿ "ಮೊದಲು ಲೆನ್ಸಿನ ಕಂತು ತೀರಿಸಿ, ಆಮೇಲೆ ಹುಲಿ ಕಾಯಿರಿ" ಅನ್ನುತ್ತಾಳೆ. ನಾನು ತಡ ಮಾಡಿಬಿಟ್ಟೆನಾ?
— ಹೆಸರು ಬೇಡ, ವಿಜಯನಗರ, ಮೈಸೂರು

ಉತ್ತರ: ನಿಮ್ಮ ಮನೆಯವರು ಸರಿಯಾಗಿಯೇ ಹೇಳಿದ್ದಾರೆ. ತಮಾಷೆಗೆ ಹೇಳುತ್ತಿಲ್ಲ. ತಲೆ ಮೇಲೆ ಕಂತು ಹೊತ್ತುಕೊಂಡು ಈ ಕಡೆ ಬಂದವರು ಒಂದೆರಡು ವರ್ಷಕ್ಕೆ ವಾಪಸ್ ಹೋಗುತ್ತಾರೆ. ಕಾಡಿನ ಆಸೆ ಹಾಗೇ ಇರುತ್ತದೆ, ಬ್ಯಾಂಕಿನವರು ಬಿಡುವುದಿಲ್ಲ.

ವಯಸ್ಸಿನ ಚಿಂತೆ ಬಿಡಿ. ಉಲ್ಲಾಸ ಕಾರಂತರು ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ಆಮೇಲೆ ಬೇಸಾಯ ಮಾಡಿದರು, ನಾಗರಹೊಳೆ ಸುತ್ತಿದರು. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಿಂದ ವನ್ಯಜೀವಿ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದದ್ದು 1988ರಲ್ಲಿ, ಅವರಿಗೆ ನಲವತ್ತರ ಆಸುಪಾಸು. ಹುಲಿಯ ಪಟ್ಟೆ ನೋಡಿ ಒಂದೊಂದನ್ನೂ ಗುರುತಿಸಿ ಎಣಿಸುವ ಕ್ಯಾಮೆರಾ ಕೆಲಸವನ್ನು ನಮ್ಮ ದೇಶದಲ್ಲಿ ಬೆಳೆಸಿದವರಲ್ಲಿ ಅವರು ಮುಖ್ಯರು. ಚಿರತೆಗಳ ಮೇಲೆ ಕೆಲಸ ಮಾಡುವ ಸಂಜಯ್ ಗುಬ್ಬಿ ಕೂಡ ಎಂಜಿನಿಯರಿಂಗ್ ಓದಿ ಈ ಕಡೆ ಬಂದವರೇ. ಹಾಗಂತ ಎಂಜಿನಿಯರಿಂಗ್ ಓದಿದವರೆಲ್ಲ ಹೀಗಾಗುತ್ತಾರೆ ಅಂತ ಅಲ್ಲ. 34 ಅನ್ನುವುದು ಅಡ್ಡಿ ಆಗಲಾರದು, ಅಷ್ಟೇ.

ನನಗೆ ಅಡ್ಡಿ ಕಂಡದ್ದು ಬೇರೆ ಕಡೆ. ನಿಮ್ಮ ಪೂರ್ತಿ ಪತ್ರ ಎರಡು ಪುಟ ಇತ್ತು, ಇಲ್ಲಿ ಕತ್ತರಿಸಿ ಹಾಕಿದ್ದೇನೆ. ಆ ಎರಡು ಪುಟದಲ್ಲಿ ಹುಲಿ ಇದೆ, ಕರಿಚಿರತೆ ಇದೆ, ಆನೆ ಇದೆ, ಸೀಳುನಾಯಿ ಇದೆ. ಕಾಡಿನಂಚಿನ ಒಬ್ಬ ಮನುಷ್ಯನೂ ಇಲ್ಲ! ಸಫಾರಿ ಜೀಪಿನಲ್ಲಿ ಕೂತಾಗ ಕಾಣುವುದು ಕಾಡಿನ ಒಂದು ಮುಖ ಮಾತ್ರ. ಕಾಡು ಉಳಿಸುವ ಕೆಲಸ ಬಹುಪಾಲು ನಡೆಯುವುದು ಕಾಡಿನ ಹೊರಗೆ, ಪ್ರಾಣಿ ಕಣ್ಣಿಗೇ ಬೀಳದ ಜಾಗಗಳಲ್ಲಿ.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಸರಗೂರು, ಎಚ್.ಡಿ. ಕೋಟೆ, ಗುಂಡ್ಲುಪೇಟೆ ಕಡೆ ಯಾವ ಹಳ್ಳಿಗೆ ಬೇಕಾದರೂ ಹೋಗಿ. ರಾತ್ರಿ ಆನೆ ಬಂದು ರಾಗಿ ಹೊಲ ತುಳಿದು ಹೋಗಿರುತ್ತದೆ. ಬೆಳಿಗ್ಗೆ ರೈತ ಪರಿಹಾರಕ್ಕೆ ಓಡಾಡಬೇಕು. ಫೋಟೋ ಬೇಕು, ಪಹಣಿ ಬೇಕು, ಆಧಾರ್, ಪಾಸ್‌ಬುಕ್ ಬೇಕು, ಇಲಾಖೆಯವರು ಬಂದು ಮಹಜರು ಮಾಡಬೇಕು. ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇರುತ್ತದೆ, ಪೌತಿ ಖಾತೆ ಆಗಿರುವುದಿಲ್ಲ, ಅಣ್ಣತಮ್ಮಂದಿರು ಮಾತು ಬಿಟ್ಟಿರುತ್ತಾರೆ. ಅರ್ಜಿ ಅಲ್ಲಿಗೇ ನಿಂತಿತು. ಎರಡು ಸಲ, ಮೂರು ಸಲ ಹೀಗಾದ ಮೇಲೆ ಆ ಮನುಷ್ಯ ಬೇಸತ್ತು ಬೇಲಿಗೆ ನೇರ ಕರೆಂಟು ಕೊಡುತ್ತಾನೆ. ಆನೆ ಸಾಯುತ್ತದೆ, ಅವನು ಜೈಲಿಗೆ ಹೋಗುತ್ತಾನೆ. ಈಗ ಹೇಳಿ, ಆ ಆನೆಯನ್ನು ಉಳಿಸಬಹುದಾಗಿದ್ದವರು ಯಾರು? ಪೌತಿ ಖಾತೆ ಮಾಡಿಸಿಕೊಡುವ ತಾಳ್ಮೆ ಇದ್ದ ಯಾರಾದರೂ ಆಗಬಹುದಿತ್ತು. ಬೆಂಗಳೂರಿನ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ 2015ರಲ್ಲಿ 'ವೈಲ್ಡ್ ಸೇವೆ' ಅಂತ ಶುರು ಮಾಡಿದ್ದು ಇಂಥ ಕೆಲಸಕ್ಕೇ. ಬಂಡೀಪುರ, ನಾಗರಹೊಳೆ ಸುತ್ತಿನ ಜನ ಉಚಿತ ನಂಬರಿಗೆ ಫೋನ್ ಮಾಡಿದರೆ ಸಿಬ್ಬಂದಿ ಮನೆಗೆ ಬಂದು ಅರ್ಜಿ ಹಾಕಿಸುತ್ತಾರೆ. ಅದರಲ್ಲಿ ಥ್ರಿಲ್ ಏನೂ ಇಲ್ಲ. ಬೈಕು, ಧೂಳು, ಜೆರಾಕ್ಸ್ ಅಂಗಡಿ.

ಇನ್ನೊಂದು. ಮೈಸೂರಿನ ಕೃಪಾಕರ-ಸೇನಾನಿ ಅವರ ಫೋಟೋ, ಸಾಕ್ಷ್ಯಚಿತ್ರ ನೀವು ಖಂಡಿತ ನೋಡಿರುತ್ತೀರಿ. ಅವರು ಮುಂದೆ ನಿಂತು ಕಟ್ಟಿದ 'ನಮ್ಮ ಸಂಘ' ಬಂಡೀಪುರದ ಅಂಚಿನ ಹಳ್ಳಿಗಳಿಗೆ ಗ್ಯಾಸ್ ಸಿಲಿಂಡರ್ ಮುಟ್ಟಿಸುವ ಕೆಲಸ ಮಾಡಿದ್ದು ಎಷ್ಟು ಜನಕ್ಕೆ ಗೊತ್ತು? ಮನೆಗೆ ಗ್ಯಾಸ್ ಬಂದರೆ ಹೆಂಗಸರು ಸೌದೆಗೆ ಕಾಡಿಗೆ ಹೋಗುವುದು ಕಡಿಮೆ. ಆನೆಗೆ ಎದುರಾಗುವುದೂ ಕಡಿಮೆ, ಗಿಡ ಕಡಿಯುವುದೂ ಕಡಿಮೆ. ಅಷ್ಟು ಕ್ಯಾಮೆರಾ ಗೊತ್ತಿದ್ದವರೂ ಸಿಲಿಂಡರ್ ಹಿಂದೆ ಹೋದರು.

ಅಂದರೆ ಮೊದಲ ಪ್ರಶ್ನೆ "ಯಾವ ಕೋರ್ಸು" ಅನ್ನುವುದಲ್ಲ. ಈ ಕೆಲಸದಲ್ಲಿ ಯಾವ ತುಣುಕು ನನ್ನ ಕೈಗೆ ಒಗ್ಗುತ್ತದೆ ಅನ್ನುವುದು. ನಿಮಗೆ ನಿಮ್ಮ ಕೈಯಲ್ಲಿರುವ ವಿದ್ಯೆಯ ಬೆಲೆ ತಿಳಿದಿಲ್ಲ ಅನ್ನಿಸಿತು. ಟೆಸ್ಟಿಂಗ್ ಅಂದರೆ ತಪ್ಪು ಹುಡುಕುವ ಕೆಲಸ, ಅಲ್ವಾ? 2022ರ ಹುಲಿ ಅಂದಾಜಿಗೆ ದೇಶದಲ್ಲಿ 32,588 ಕಡೆ ಕ್ಯಾಮೆರಾ ಕಟ್ಟಿದ್ದರು. ಬಂದ ಚಿತ್ರ 4.7 ಕೋಟಿ. ಅದರಲ್ಲಿ ಹುಲಿ ಇದ್ದದ್ದು ಒಂದು ಲಕ್ಷಕ್ಕಿಂತ ಸ್ವಲ್ಪ ಕಡಿಮೆ. ಉಳಿದದ್ದರಲ್ಲಿ ಜಿಂಕೆ, ಕಡವೆ, ದನ, ಗಾಳಿಗೆ ಅಲ್ಲಾಡಿದ ಹುಲ್ಲು, ಗಸ್ತಿನವರ ಕಾಲು, ಏನೇನೋ. ವಿಂಗಡಿಸಲು ಸಾಫ್ಟ್‌ವೇರ್ ಇದೆ ನಿಜ. ಆದರೆ ಅದು ಎಲ್ಲಿ ಎಡವುತ್ತದೆ ಅಂತ ನೋಡುವವರು ಬೇಕಲ್ಲ. ಕ್ಯಾಮೆರಾದ ಗಡಿಯಾರ ತಪ್ಪಾಗಿದ್ದರೆ, ಊರಿನ ಹೆಸರನ್ನು ನಾಲ್ಕು ಜನ ನಾಲ್ಕು ಥರ ಬರೆದಿದ್ದರೆ ಪೂರ್ತಿ ಲೆಕ್ಕ ಹಾಳು. ನಮ್ಮ ಸಂಸ್ಥೆಗಳಲ್ಲಿ ಪ್ರಾಣಿ ಗೊತ್ತಿದ್ದವರು ತುಂಬಾ ಜನ ಇದ್ದಾರೆ, ಡೇಟಾ ಒಪ್ಪವಾಗಿ ಇಡಲು ಬರುವವರಿಗೆ ಪರದಾಟ. ಕ್ಯೂಜಿಐಎಸ್ ಅಂತ ನಕ್ಷೆ ಮಾಡುವ ಸಾಫ್ಟ್‌ವೇರ್ ಇದೆ, ಆರ್ ಅಂತ ಲೆಕ್ಕದ ಭಾಷೆ ಇದೆ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಸಂಜೆ ಹೊತ್ತು ಕೂತರೆ ಕಲಿಯಬಹುದು. ಲೆನ್ಸಿಗಿಂತ ಇದು ಜಾಸ್ತಿ ದೂರ ಕರೆದುಕೊಂಡು ಹೋಗುತ್ತದೆ.

ಕೋರ್ಸಿನ ಬಗ್ಗೆಯೂ ಹೇಳಿಬಿಡುತ್ತೇನೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ವನ್ಯಜೀವಿ ಜೀವಶಾಸ್ತ್ರ ಮತ್ತು ಸಂರಕ್ಷಣೆಯ ಎರಡು ವರ್ಷದ ಎಂ.ಎಸ್‌ಸಿ. ಇದೆ, ಎಂಜಿನಿಯರಿಂಗ್ ಓದಿದವರೂ ಅಲ್ಲಿ ಓದಿದ್ದಾರೆ. ಸೀಟು ತೀರಾ ಕಡಿಮೆ. ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆ 1982ರದ್ದು, ಅಲ್ಲಿಯೂ ಎಂ.ಎಸ್‌ಸಿ. ಇದೆ. ಅರ್ಜಿ ಹಾಕುವ ಮೊದಲು ವಯಸ್ಸಿನ ಷರತ್ತು ಓದಿಕೊಳ್ಳಿ. ವಿಜ್ಞಾನಿಯಾಗಿ ಸಂಶೋಧನೆಯೇ ಮಾಡಬೇಕು ಅಂದರೆ ಈ ಓದು ಬೇಕೇಬೇಕು. ಬೇರೆ ಕೆಲಸಗಳಿಗೆ ಬೇಕೇಬೇಕು ಅಂತೇನಿಲ್ಲ. ಹಾಗಾಗಿ ಎರಡು ವರ್ಷ ಸಂಬಳ ಬಿಡುವ ಮೊದಲು ಯೋಚನೆ ಮಾಡಿ.

ಐಎಫ್‌ಎಸ್ (ಭಾರತೀಯ ಅರಣ್ಯ ಸೇವೆ) ಅಂತಲೂ ಒಂದು ಸಾಲು ಬರೆದಿದ್ದಿರಿ. ಎಂಜಿನಿಯರಿಂಗ್ ಪದವಿಗೆ ಅವಕಾಶ ಇದೆ, ಆದರೆ ಸಾಮಾನ್ಯ ವರ್ಗಕ್ಕೆ ವಯಸ್ಸು 32 ಮೀರಬಾರದು. ನಿಮಗೆ ಮೀಸಲಾತಿಯ ಸಡಿಲಿಕೆ ಇದ್ದರೆ ಮಾತ್ರ ಆ ಬಾಗಿಲು. ಅದರಲ್ಲಿ ಪಾಸಾದರೆ ನಾಲ್ಕು ಗಂಟೆಯಲ್ಲಿ 25 ಕಿಲೋಮೀಟರ್ ನಡೆದು ತೋರಿಸಬೇಕು ಅನ್ನುವುದೂ ನೆನಪಿರಲಿ. ಹೆಂಗಸರಿಗೆ 14.

ದುಡ್ಡಿನ ಮಾತು. ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಕಿರಿಯ ಸಂಶೋಧಕರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಅದೂ ನೆಟ್‌ನಂಥ ಪರೀಕ್ಷೆ ದಾಟಿದವರಿಗೆ. ಸಣ್ಣ ಸಂಸ್ಥೆಗಳ ಫೀಲ್ಡ್ ಕೆಲಸಕ್ಕೆ ಇದಕ್ಕಿಂತ ಕಡಿಮೆ ಸಿಗುವುದೇ ಹೆಚ್ಚು. ಜೊತೆಗೆ ಬಹುತೇಕ ಕೆಲಸ ಪ್ರಾಜೆಕ್ಟ್ ಇರುವವರೆಗೆ ಮಾತ್ರ. ಎರಡು ವರ್ಷದ ಅನುದಾನ ಮುಗಿಯಿತು ಅಂದರೆ ಮತ್ತೆ ಬಯೋಡೇಟಾ ಹಿಡಿದುಕೊಂಡು ಓಡಾಟ. ಈ ಮಾತನ್ನು ಮನೆಯವರ ಮುಂದೆ ಇಟ್ಟು, ಇಬ್ಬರೂ ಕೂತು ಲೆಕ್ಕ ಹಾಕಿ. ಮಗಳ ಫೀಸು, ಮನೆ ಕಂತು, ಆರೋಗ್ಯ ವಿಮೆ. ಕಂಪನಿ ಬಿಟ್ಟ ದಿನವೇ ಕಂಪನಿಯ ವಿಮೆಯೂ ಹೋಗುತ್ತದೆ ಅನ್ನುವುದನ್ನು ಸುಮಾರು ಜನ ಮರೆತಿರುತ್ತಾರೆ.

ಹಾಗಾದರೆ ಈಗ ಏನು ಮಾಡಬೇಕು? ರಾಜೀನಾಮೆ ಪತ್ರ ಎತ್ತಿಡಿ. ಒಂದು ವರ್ಷ ವಾರದ ಕೊನೆಯ ರಜೆಯನ್ನು ಸಫಾರಿಗೆ ಕೊಡದೆ ಈ ಕೆಲಸಕ್ಕೆ ಕೊಡಿ. ಕುಕ್ಕರಹಳ್ಳಿ ಕೆರೆ, ಲಿಂಗಾಂಬುಧಿ ಕೆರೆ ನಿಮ್ಮ ಮನೆಯಿಂದ ದೂರ ಇಲ್ಲ. ಬೆಳಿಗ್ಗೆ ಹಕ್ಕಿ ಎಣಿಸಿ, ಹಕ್ಕಿಗಳ ಲೆಕ್ಕ ಕೂಡಿಡುವ ಇ-ಬರ್ಡ್ ಜಾಲತಾಣಕ್ಕೆ ಹಾಕುವುದನ್ನು ರೂಢಿ ಮಾಡಿಕೊಳ್ಳಿ. ಜಾತಿ ಗುರುತಿಸುವ ಕಣ್ಣು ಅಲ್ಲಿ ಬರುತ್ತದೆ, ಜಾಗಕ್ಕೆ ಪದೇ ಪದೇ ಹೋಗುವ ಶಿಸ್ತೂ ಬರುತ್ತದೆ. ನೇಚರ್ ಕನ್ಸರ್ವೇಷನ್ ಫೌಂಡೇಷನ್ 1996ರಲ್ಲಿ ಹುಟ್ಟಿದ್ದು ನಿಮ್ಮ ಊರಿನಲ್ಲೇ. ಹಿಮಚಿರತೆಯಿಂದ ಹಿಡಿದು ಪಶ್ಚಿಮ ಘಟ್ಟದ ಆನೆವರೆಗೆ ಅವರ ಕೆಲಸ ಇದೆ. ಇಂಥ ಕಡೆ ಹೋಗಿ "ನನಗೆ ಹುಲಿ ಅಂದರೆ ತುಂಬಾ ಇಷ್ಟ" ಅನ್ನಬೇಡಿ, ಆ ಮಾತು ಅವರು ದಿನಾ ಕೇಳುತ್ತಾರೆ. "ನನಗೆ ಟೆಸ್ಟಿಂಗ್ ಬರುತ್ತದೆ, ವಾರಕ್ಕೆ ಆರು ಗಂಟೆ ಕೊಡಬಲ್ಲೆ, ನಿಮ್ಮಲ್ಲಿ ಯಾವ ಡೇಟಾ ಕೊಳೆಯುತ್ತಾ ಬಿದ್ದಿದೆ?" ಅಂತ ಕೇಳಿ. ಆಮೇಲೆ ನಿಮ್ಮ ಆಫೀಸಿನಲ್ಲಿ ಸಂಬಳವಿಲ್ಲದ ರಜೆ ಸಿಗುತ್ತದಾ ನೋಡಿ. ಒಂದು ತಿಂಗಳು ಸಿಕ್ಕಿದರೆ ಸಾಕು. ಕಾಡಂಚಿನ ಯಾವುದಾದರೂ ಫೀಲ್ಡ್ ಮನೆಯಲ್ಲಿ ಇದ್ದು, ನೆಟ್‌ವರ್ಕ್ ಇಲ್ಲದೆ, ಉಣ್ಣಿ ಹುಳ ಕಡಿಸಿಕೊಂಡು, ಅದೇ ಅನ್ನ-ಸಾರು ತಿಂದು ಬನ್ನಿ. ಆಗಲೂ ಆಸೆ ಉಳಿದಿದ್ದರೆ ಇನ್ನೊಂದು ಪತ್ರ ಬರೆಯಿರಿ. ಲೆನ್ಸನ್ನು ಏನು ಮಾಡಬೇಕು ಅಂತ ಆಗ ಮಾತಾಡೋಣ.

ಪ್ರಶ್ನೆ: ನಾನು ಬಿ.ಕಾಂ., 29 ವರ್ಷ. ಮದ್ದೂರಿನ ಆಡಿಟರ್ ಆಫೀಸೊಂದರಲ್ಲಿ ಜಿಎಸ್‌ಟಿ, ಟಿಡಿಎಸ್ ನೋಡಿಕೊಳ್ಳುತ್ತೇನೆ. ನಮ್ಮೂರು ಕೊಕ್ಕರೆ ಬೆಳ್ಳೂರಿನ ಪಕ್ಕ. ಚಿಕ್ಕಂದಿನಿಂದ ಹೆಜ್ಜಾರ್ಲೆ (ಪೆಲಿಕನ್) ನೋಡಿಕೊಂಡೇ ಬೆಳೆದವಳು. ಹಕ್ಕಿಗಳಿಗೆ ಸಂಬಂಧಪಟ್ಟ ಕೆಲಸ ಮಾಡಬೇಕು ಅಂತ ಆಸೆ, ಆದರೆ ಸೈನ್ಸ್ ಓದಿಲ್ಲ. ಕಾಮರ್ಸ್‌ನವರಿಗೆ ಇಲ್ಲಿ ಜಾಗ ಇದೆಯಾ? ಮನೆಯಲ್ಲಿ ನಗುತ್ತಾರೆ.
— ಒಬ್ಬ ಓದುಗಿ, ಮದ್ದೂರು ತಾಲ್ಲೂಕು

ಉತ್ತರ: ಅವರು ನಗಲಿ ಬಿಡಿ. ಈ ಐದು ಪತ್ರಗಳಲ್ಲಿ ನಾಳೆಯೇ ಕೆಲಸ ಸಿಗುವ ಸಾಧ್ಯತೆ ಯಾರಿಗಾದರೂ ಇದ್ದರೆ ಅದು ನಿಮಗೇ.

ಯಾಕೆ ಅಂತ ಹೇಳುತ್ತೇನೆ. ವನ್ಯಜೀವಿ ಸಂಸ್ಥೆಗಳಿಗೆ ದುಡ್ಡು ಬರುವ ದಾರಿ ಮುಖ್ಯವಾಗಿ ಎರಡು. ಒಂದು ಕಂಪನಿಗಳ ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಪರಿಸರ, ಸಸ್ಯ ಮತ್ತು ಪ್ರಾಣಿ ರಕ್ಷಣೆಯೂ ಆ ಪಟ್ಟಿಯಲ್ಲಿದೆ. ಇನ್ನೊಂದು ವಿದೇಶದ ದೇಣಿಗೆ, ಅದಕ್ಕೆ ಎಫ್‌ಸಿಆರ್‌ಎ ಅಂತ ಕಾಯ್ದೆ ಇದೆ. 2020ರ ತಿದ್ದುಪಡಿ ಆದ ಮೇಲೆ ಅದು ಭಾರೀ ಕಟ್ಟುನಿಟ್ಟಾಗಿದೆ. ದುಡ್ಡು ಮೊದಲು ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತದ ಖರ್ಚು ಶೇ. 20 ದಾಟಬಾರದು, ಪ್ರತಿ ವರ್ಷ ಎಫ್‌ಸಿ-4 ಅನ್ನುವ ಲೆಕ್ಕಪತ್ರ ಸಲ್ಲಿಸಬೇಕು. ಲೆಕ್ಕದಲ್ಲಿ ಎಡವಟ್ಟಾದರೆ ನೋಂದಣಿಗೇ ಕುತ್ತು. ಅಲ್ಲಿಗೆ ವರ್ಷಗಟ್ಟಲೆ ನಡೆದ ಆನೆ ಅಧ್ಯಯನವೂ ನಿಲ್ಲುತ್ತದೆ, ಫೀಲ್ಡ್ ಹುಡುಗರ ಸಂಬಳವೂ ನಿಲ್ಲುತ್ತದೆ. ಹಾಗಾಗಿ ಟ್ರಸ್ಟಿನ ಮತ್ತು ದಾನಿಗಳ ತೆರಿಗೆ ವಿನಾಯಿತಿ, ಹಣ ಬಳಕೆಯ ಪ್ರಮಾಣಪತ್ರ, ಪ್ರಾಜೆಕ್ಟ್‌ವಾರು ಬಜೆಟ್ ಇವೆಲ್ಲ ಗೊತ್ತಿರುವ ಅಕೌಂಟೆಂಟ್ ಸಿಕ್ಕಿದರೆ ಸಂಸ್ಥೆಯವರು ಬಿಡುವುದಿಲ್ಲ. ನಿಮಗೆ ಜಿಎಸ್‌ಟಿ, ಟಿಡಿಎಸ್ ಬರುತ್ತದೆ. ಟ್ರಸ್ಟ್‌ಗಳ ಲೆಕ್ಕ ಕಲಿಯುವುದು ಇನ್ನೊಂದು ಮೆಟ್ಟಿಲು, ಅಷ್ಟೇ. ನಿಮ್ಮ ಆಡಿಟರ್ ಹತ್ತಿರ ಯಾವುದಾದರೂ ಟ್ರಸ್ಟ್, ಸಹಕಾರ ಸಂಘ ಇದ್ದರೆ ಆ ಫೈಲ್ ನನಗೇ ಕೊಡಿ ಅಂತ ಕೇಳಿ.

ಇನ್ನು ನಿಮ್ಮೂರ ಪಕ್ಕದ ಮಾತು. ಕೊಕ್ಕರೆ ಬೆಳ್ಳೂರನ್ನು ಸಮುದಾಯ ಮೀಸಲು ಅಂತ 2007ರಲ್ಲಿ ಘೋಷಿಸಿದರು. ಅಲ್ಲಿ ಬೇಲಿ ಹಾಕಿದ ಕಾಡು ಅಂತ ಇಲ್ಲ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುವುದು ಜನರ ಮನೆಯ ಹಿತ್ತಲಿನ ಹುಣಸೆ, ಆಲ, ಅರಳಿ ಮರಗಳಲ್ಲಿ. ಹಕ್ಕಿ ಕೂತ ಹುಣಸೆ ಮರದಿಂದ ಫಸಲು ಸರಿಯಾಗಿ ಬರುವುದಿಲ್ಲ, ಅದಕ್ಕೆ ಮರದ ಮಾಲೀಕರಿಗೆ ಇಲಾಖೆಯಿಂದ ಪರಿಹಾರ ಕೊಡುವ ಪದ್ಧತಿ ಇದೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡಲು ಊರಿನ ಹುಡುಗರು ಮತ್ತು ಮೈಸೂರಿನ ಹವ್ಯಾಸಿ ಹಕ್ಕಿ ವೀಕ್ಷಕರು ಸೇರಿ 'ಹೆಜ್ಜಾರ್ಲೆ ಬಳಗ' ಕಟ್ಟಿದ್ದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಆದರೆ ಮರ ಉಳಿಯಬೇಕಾದರೆ ಮರದಿಂದ ಬರುವ ನಷ್ಟ, ಸಿಗುವ ಪರಿಹಾರ, ಎಷ್ಟು ತಡವಾಗಿ ಸಿಗುತ್ತದೆ ಅನ್ನುವುದನ್ನು ಮನೆ ಮನೆಗೆ ಹೋಗಿ ಒಂದು ಲೆಡ್ಜರ್‌ಗೆ ಇಳಿಸುವವರು ಬೇಕು. ಹೊರಗಿನಿಂದ ಬಂದ ಸಂಶೋಧಕರಿಗೆ ಆ ಮನೆಯ ಅಜ್ಜಿ ಬಾಯಿ ಬಿಡುವುದಿಲ್ಲ. ನಿಮಗೆ "ಬಾ ಮಗ, ಕೂತ್ಕೊ" ಅಂತಾರೆ. ಈ ಕೆಲಸಕ್ಕೆ ನೀವು ಯಾರ ಅಪ್ಪಣೆಗೂ ಕಾಯಬೇಕಿಲ್ಲ, ಮುಂದಿನ ಹುಣಸೆ ಸುಗ್ಗಿಗೇ ಶುರು ಮಾಡಬಹುದು. ಆ ಲೆಡ್ಜರ್ ಕೈಯಲ್ಲಿ ಹಿಡಿದು ಹೋಗಿ ಕೆಲಸ ಕೇಳಿ, ಪದವಿ ಯಾವುದು ಅಂತ ಯಾರೂ ಕೇಳುವುದಿಲ್ಲ.

ಪ್ರಶ್ನೆ: ಅಣ್ಣಾ, ನನಗೆ 22. ಪಿಯುಸಿ ಆಗಿದೆ. ಈಗ ಡೆಲಿವರಿ ಕೆಲಸ. ನಮ್ಮ ಏರಿಯಾದಲ್ಲಿ ಹಾವು ಬಂದರೆ ನನ್ನನ್ನೇ ಕರೀತಾರೆ, ಹಿಡಿದು ವಿಡಿಯೋ ಹಾಕ್ತೀನಿ, ಒಳ್ಳೆ ವ್ಯೂಸ್ ಬರ್ತಿದೆ. ಇದನ್ನೇ ಫುಲ್‌ಟೈಮ್ ಮಾಡೋಣ ಅಂತಿದ್ದೀನಿ. ಇಲ್ಲ ಅಂದ್ರೆ ಫಾರೆಸ್ಟ್ ಗಾರ್ಡ್. ಯಾವುದು ಬೆಸ್ಟು?
— ಪಾಂಡವಪುರ

ಉತ್ತರ: ತಮ್ಮಾ, ಮೊದಲು ವಿಡಿಯೋ ನಿಲ್ಲಿಸು. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಾವುಗಳಿಗೂ ರಕ್ಷಣೆ ಇದೆ. ಅನುಮತಿ ಇಲ್ಲದೆ ಹಿಡಿಯುವುದು, ಮನೆಯಲ್ಲಿ ಇಟ್ಟುಕೊಳ್ಳುವುದು, ಆಡಿಸಿ ತೋರಿಸುವುದು ಕೇಸಾಗುತ್ತದೆ. ನೀನು ಹಾಕಿದ ವಿಡಿಯೋನೇ ಸಾಕ್ಷಿ. ಮುಂದೆ ಗಾರ್ಡ್ ಆಗಬೇಕು ಅನ್ನುವವನ ಮೇಲೆ ಅರಣ್ಯ ಇಲಾಖೆಯದ್ದೇ ಕೇಸು ಇದ್ದರೆ ಹೇಗಿರುತ್ತದೆ ಯೋಚಿಸು. ಇನ್ನು ಬಾಲ ಹಿಡಿದು ಎತ್ತಿ ಕ್ಯಾಮೆರಾ ನೋಡುವ ಹೊತ್ತಿಗೆ ಕಚ್ಚಿಸಿಕೊಂಡು ಹೋದ ಹುಡುಗರ ಸುದ್ದಿ ನೀನೂ ಓದಿರುತ್ತೀಯ.

ಗಾರ್ಡ್ ಕೆಲಸಕ್ಕೆ ಈಗ ಗಸ್ತು ಅರಣ್ಯ ಪಾಲಕ ಅಂತ ಹೆಸರು. ಪಿಯುಸಿ ಆದವರು ಅರ್ಜಿ ಹಾಕಬಹುದು. ಓಟ, ಎತ್ತರ, ಎದೆ ಸುತ್ತಳತೆ ಎಲ್ಲ ನೋಡುತ್ತಾರೆ. ವಯಸ್ಸಿನ ಮಿತಿ ಬಿಗಿ, ನೇಮಕಾತಿ ಪ್ರತಿ ವರ್ಷ ಕರೆಯುವುದಿಲ್ಲ. ಹಾಗಾಗಿ ಇಲಾಖೆಯ ಅಧಿಸೂಚನೆ ಮೇಲೆ ಕಣ್ಣಿಟ್ಟಿರು, ಇವತ್ತಿನಿಂದಲೇ ಓಡು. ದಲ್ಲಾಳಿ ಯಾರಾದರೂ "ಮಾಡಿಸಿಕೊಡ್ತೀನಿ" ಅಂತ ಬಂದರೆ ಬಾಗಿಲು ಹಾಕಿಕೋ. ಕೆಲಸ ಸುಲಭ ಅಂದುಕೊಳ್ಳಬೇಡ. ಕಳ್ಳಬೇಟೆ ತಡೆ ಶಿಬಿರದಲ್ಲಿ ವಾರಗಟ್ಟಲೆ ಇರಬೇಕು, ದಿನಾ ಗಸ್ತು ನಡೆಯಬೇಕು, ಉರುಳು ಹುಡುಕಿ ತೆಗೆಯಬೇಕು, ಬೇಸಿಗೆಯಲ್ಲಿ ಬೆಂಕಿ ಹರಡದಂತೆ ಹುಲ್ಲು ಸವರಿ ಬೆಂಕಿ ರೇಖೆ ಮಾಡಬೇಕು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿದವರು ಇವರೇ. ಜೇನುಕುರುಬ, ಸೋಲಿಗ ಸಮುದಾಯದ ವಾಚರ್‌ಗಳ ಜೊತೆ ಒಂದು ದಿನ ನಡೆದು ನೋಡು, ಹಾವು ಹಿಡಿಯುವ ಜಂಬ ತಾನಾಗಿ ಇಳಿಯುತ್ತದೆ.

ಹಾವಿನ ಆಸಕ್ತಿ ಬಿಡು ಅನ್ನುತ್ತಿಲ್ಲ. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಿದೆ. ನಿನ್ನ ಸುತ್ತ ಗದ್ದೆ, ಕಬ್ಬು. ರಾತ್ರಿ ನೀರು ಕಟ್ಟಲು ಹೋಗುವವರು ಬರಿಗಾಲಿನಲ್ಲಿ, ಟಾರ್ಚ್ ಇಲ್ಲದೆ ಹೋಗುತ್ತಾರೆ. ಕೊಳಕುಮಂಡಲ ಹೇಗಿರುತ್ತದೆ, ಕಚ್ಚಿದರೆ ಕುಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ನಾಟಿ ಮದ್ದಿಗೆ ಹೊತ್ತು ಕಳೆಯದೆ ಆಸ್ಪತ್ರೆಗೆ ಓಡಬೇಕು ಅನ್ನುವುದನ್ನು ನಿನ್ನ ಚಾನೆಲ್‌ನಲ್ಲಿ ಹೇಳು. ಹಾವನ್ನು ಮುಟ್ಟದೆಯೂ ವ್ಯೂಸ್ ಬರುತ್ತದೆ. ಸ್ವಲ್ಪ ಕಡಿಮೆ ಬರಬಹುದು.

ಇನ್ನೊಂದು ಮಾತು. ಕಬ್ಬು ಕಡಿಯುವ ಹೊತ್ತಿಗೆ ಚಿರತೆ ಮರಿ ಸಿಕ್ಕಿತು ಅಂತ ನಿಮ್ಮ ಕಡೆ ಗಲಾಟೆ ಆಗುತ್ತಲೇ ಇರುತ್ತದೆ. ಎಷ್ಟೋ ಸಲ ಅದು ಕಾಡುಬೆಕ್ಕಿನ ಮರಿ. ಚಿರತೆಯದ್ದೇ ಆಗಿದ್ದರೂ ತಾಯಿ ಹತ್ತಿರದಲ್ಲೇ ಇರುತ್ತದೆ, ಮರಿಯನ್ನು ಅಲ್ಲೇ ಬಿಟ್ಟು ಜನ ದೂರ ಸರಿದರೆ ರಾತ್ರಿ ಬಂದು ಕಚ್ಚಿಕೊಂಡು ಹೋಗುತ್ತದೆ. ಸೆಲ್ಫಿಗೆ ಮುತ್ತಿಕೊಂಡ ಜನರನ್ನು ಹಿಂದಕ್ಕೆ ಕಳಿಸಿ, ಇಲಾಖೆಯವರು ಬರುವವರೆಗೆ ಕಾಯುವ ನಾಲ್ಕು ಹುಡುಗರು ಊರಿಗೊಬ್ಬರಂತೆ ಇದ್ದರೂ ದೊಡ್ಡ ಕೆಲಸ. ನಿನ್ನನ್ನು ಜನ ಹೇಗೂ ಕರೆಯುತ್ತಾರಲ್ಲ, ಇದಕ್ಕೂ ಕರೆಯಲಿ.

ಪ್ರಶ್ನೆ: ಮಗಳು ಎರಡನೇ ಪಿಯುಸಿ. ಕಾಡುಪ್ರಾಣಿಗಳ ಡಾಕ್ಟರ್ ಆಗಬೇಕಂತೆ. ಅಂಥ ಕೆಲಸ ನಿಜವಾಗಲೂ ಇದೆಯಾ?
— ಒಬ್ಬ ತಾಯಿ, ಕುವೆಂಪುನಗರ, ಮೈಸೂರು

ಉತ್ತರ: ಇದೆ ತಾಯಿ, ಆದರೆ ಹುದ್ದೆ ಕಡಿಮೆ. ಮೊದಲು ಬಿ.ವಿ.ಎಸ್‌ಸಿ. ಆಗಬೇಕು, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಬೆಂಗಳೂರು, ಹಾಸನ, ಶಿವಮೊಗ್ಗ, ಬೀದರ್‌ನಲ್ಲಿ ಕಾಲೇಜುಗಳಿವೆ. ಅಲ್ಲಿ ಕಲಿಸುವುದು ಹೆಚ್ಚಾಗಿ ಹಸು, ಎಮ್ಮೆ, ಕುರಿ, ಕೋಳಿ. ಹುಲಿ ಯೋಜನೆಗಳಲ್ಲಿ ಕಾಣುವ ವೈದ್ಯರು ಸಾಮಾನ್ಯವಾಗಿ ಪಶುಪಾಲನಾ ಇಲಾಖೆಯಿಂದ ಅರಣ್ಯ ಇಲಾಖೆಗೆ ನಿಯೋಜನೆ ಮೇಲೆ ಬಂದವರು. ಅಂದರೆ ಕೆಲವು ವರ್ಷ ಹಳ್ಳಿಯ ಪಶು ಆಸ್ಪತ್ರೆಯಲ್ಲಿ ಹಸುವಿಗೆ ಹೆರಿಗೆ ಮಾಡಿಸಲು ಮಗಳು ತಯಾರಿರಬೇಕು. ಅದು ವ್ಯರ್ಥವೂ ಅಲ್ಲ. ಕಾಡಂಚಿನ ದನಗಳಿಗೆ ಲಸಿಕೆ ಹಾಕುವುದರಿಂದ ಕಾಡಿನ ಕಾಟಿ, ಜಿಂಕೆಗಳಿಗೂ ರೋಗ ದಾಟುವುದು ತಪ್ಪುತ್ತದೆ.

ಮೈಸೂರಿನಲ್ಲೇ ಇರುವುದು ಅವಳ ಅದೃಷ್ಟ. 1892ರಿಂದ ಇರುವ ಮೃಗಾಲಯ ಇದೆ, ಕೂರ್ಗಳ್ಳಿಯಲ್ಲಿ ಅವರದ್ದೇ ಪುನರ್ವಸತಿ ಕೇಂದ್ರ ಇದೆ. ಮೃಗಾಲಯದ ಯೂತ್ ಕ್ಲಬ್ ಶಾಲಾ-ಕಾಲೇಜು ಮಕ್ಕಳಿಗೇ ಇರುವುದು, ವಿಚಾರಿಸಿ. ಪ್ರಾಣಿಗಳ ಲದ್ದಿ ಗುಡಿಸುವುದನ್ನು ಹತ್ತಿರದಿಂದ ನೋಡಿ ಬಂದ ಮೇಲೂ ಇದೇ ಬೇಕು ಅಂದರೆ ಅಡ್ಡ ಬರಬೇಡಿ.

ಪ್ರಶ್ನೆ: ನಿವೃತ್ತ ಪ್ರೌಢಶಾಲಾ ಶಿಕ್ಷಕ, 61. ಪಿಂಚಣಿ ಬರುತ್ತದೆ, ಸಂಬಳ ಬೇಡ. ಮಂಡಿ ನೋವು, ಕಾಡು ಸುತ್ತಲಾರೆ. ನನ್ನಿಂದ ಏನಾದರೂ ಆದೀತೇ?
— ಮಂಡ್ಯ

ಉತ್ತರ: ಮೇಷ್ಟ್ರೇ, ನಿಮ್ಮಂಥವರಿಗೇ ಇಲ್ಲಿ ಬೇಡಿಕೆ. ಮಂಡ್ಯ ಅಂದರೆ ಕಬ್ಬು, ಬೆಲ್ಲ, ಕಾವೇರಿ ಅನ್ನುತ್ತಾರೆ. ರಂಗನತಿಟ್ಟು ಇರುವುದು ಇದೇ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಅಂತ ನಮ್ಮ ಮಕ್ಕಳಿಗೇ ಗೊತ್ತಿಲ್ಲ, ಮೈಸೂರಿನದ್ದು ಅಂದುಕೊಂಡಿರುತ್ತಾರೆ. ಪಕ್ಷಿತಜ್ಞ ಸಲೀಂ ಅಲಿ ಒತ್ತಾಯದಿಂದ 1940ರಲ್ಲಿ ಪಕ್ಷಿಧಾಮವಾದದ್ದು, 2022ರಲ್ಲಿ ರಾಜ್ಯದ ಮೊದಲ ರಾಮ್ಸರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಯಿತು. ಮೇಲುಕೋಟೆಯಲ್ಲಿ ತೋಳಕ್ಕಾಗಿ ಮಾಡಿದ ಅಭಯಾರಣ್ಯ ಇದೆ, ಆದಿಚುಂಚನಗಿರಿಯಲ್ಲಿ ನವಿಲುಧಾಮ ಇದೆ, ಮಳವಳ್ಳಿ ಆಚೆ ಕಾವೇರಿ ವನ್ಯಧಾಮದ ಹೊಳೆಯಲ್ಲಿ ನೀರುನಾಯಿ ಇದೆ. ಇಷ್ಟನ್ನು ಮಕ್ಕಳಿಗೆ ತೋರಿಸಲು ಮಂಡಿ ಅಷ್ಟೇನೂ ಬೇಕಾಗುವುದಿಲ್ಲ.

ಅರಣ್ಯ ಇಲಾಖೆಯ 'ಚಿಣ್ಣರ ವನದರ್ಶನ' ಅಂತ ಕಾರ್ಯಕ್ರಮ ಇದೆ, ಸರ್ಕಾರಿ ಶಾಲೆ ಮಕ್ಕಳನ್ನು ಕಾಡಿಗೆ ಕರೆದೊಯ್ಯುವುದು. ಎಷ್ಟೋ ಶಾಲೆಗಳಿಗೆ ಅರ್ಜಿ ಬರೆದುಕೊಡುವವರೇ ಇಲ್ಲ. ನೀವು ಬರೆದುಕೊಡಿ. ಜನವರಿಯಲ್ಲಿ ನೀರಹಕ್ಕಿ ಗಣತಿ ನಡೆಯುತ್ತದೆ, ನಿಮ್ಮ ಹತ್ತಿರದ ಕೆರೆಯೊಂದನ್ನು ವಹಿಸಿಕೊಳ್ಳಿ. ಹಳೇ ಶಿಷ್ಯರಲ್ಲಿ ಯಾರಾದರೂ ಕಾರು ಇಟ್ಟುಕೊಂಡಿರುತ್ತಾರೆ, ಕರೆದುಕೊಂಡು ಹೋಗಲಿ. ಏರಿಯ ಮೇಲೆ ಕುರ್ಚಿ ಹಾಕಿಕೊಂಡು ನೀವು ಎಣಿಸಿ, ಮಕ್ಕಳು ಬರೆದುಕೊಳ್ಳಲಿ. ಬೈನಾಕ್ಯುಲರ್ ಎರಡಾದರೂ ಇರಲಿ. ಒಂದೇ ಇದ್ದರೆ ಹಕ್ಕಿಗಿಂತ ಜಗಳ ಜಾಸ್ತಿ ಆಗುತ್ತದೆ.